ಉಂಡ ಮೇಲೆ ಹತ್ತು ನಿಮಿಷ ನಡೆಯಲು ಜಾಗ ಬೇಕು

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿಯ ವಿದ್ಯಾನಗರದ ಕಡೆ 16 ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಹೋದ ವಾರ ರಾತ್ರಿ ಊಟಕ್ಕೆ ಬಂದ ಹುಡುಗನೊಬ್ಬ, ರೊಟ್ಟಿ ಮೇಲೆ ಬೆಣ್ಣೆ ಇಡುವಾಗ ‘ಅಕ್ಕಾರ, ಇನ್ನೂ ಸ್ವಲ್ಪ ಹಾಕ್ರಿ, ನಾ ದಿನಾ ಜಿಮ್ಮಿಗೆ ಹೋಗ್ತೇನ್ರಿ, ಉಂಡಿದ್ದೆಲ್ಲಾ ತಾನ ಸುಟ್ಟ ಹೋಗತೈತಿ’ ಅಂದ. ಬೆಣ್ಣೆ ಹಾಕಿದೆ. ಆದರೆ ಆ ಮಾತು ತಲೆಯಲ್ಲೇ ಉಳಿಯಿತು. ಯಾಕೆಂದರೆ ಬೆಳಗ್ಗೆ ನೃಪತುಂಗ ಬೆಟ್ಟ ಹತ್ತಿ ಬರುವ ಹಿರಿಯರೂ ಇದನ್ನೇ ಹೇಳುತ್ತಾರೆ, ಉಣಕಲ್ ಕೆರೆ ಕಡೆ ವಾಕಿಂಗ್ ಮುಗಿಸಿ ಬರುವವರೂ ಇದನ್ನೇ ಹೇಳುತ್ತಾರೆ.

ನನ್ನ ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ, ಪೋಷಣೆ ಓದಿದವಳು. ಅವಳನ್ನು ಕೂರಿಸಿಕೊಂಡು ಕೇಳಿದೆ. ಅಡುಗೆ ಮಾಡಬೇಕಾದರೆ ಕಟ್ಟಿಗೆ ಸುಡಬೇಕು, ಹಾಗೆ ಉಂಡಿದ್ದನ್ನು ಅರಗಿಸಿ ರಕ್ತಕ್ಕೆ ಸೇರಿಸಿ ಉಳಿದದ್ದನ್ನು ಕೂಡಿಡಲು ದೇಹವೂ ಶಕ್ತಿ ಖರ್ಚು ಮಾಡಬೇಕು. ಉಂಡ ಮೇಲೆ ಮೈ ಸ್ವಲ್ಪ ಬಿಸಿಯಾಗುತ್ತದಲ್ವಾ, ಅದರಲ್ಲಿ ಇದೂ ಸೇರಿದೆ. (ರಂಜಕ ತಿಂದು ಕುತ್ತಿಗೆ ಒರೆಸಿಕೊಳ್ಳುವುದು ಬೇರೆ, ಅದು ಮೆಣಸಿನಕಾಯಿ ಕೆಲಸ.) ದಿನಕ್ಕೆ 2000 ಕ್ಯಾಲೊರಿ ತಿಂದರೆ ಸುಮಾರು 200 ಇದಕ್ಕೇ ಹೋಗುತ್ತದೆ. ಊಟವಾದ ಒಂದೆರಡು ಗಂಟೆಯಲ್ಲಿ ಈ ಖರ್ಚು ಜಾಸ್ತಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ.

ಏನು ತಿಂದಿರಿ ಅನ್ನುವುದರ ಮೇಲೂ ಇದು ನಿಂತಿದೆ. ಮಡಕಿಕಾಳು, ಹೆಸರುಕಾಳು, ಮೊಟ್ಟೆಯಲ್ಲಿರುವ ಪ್ರೋಟೀನ್ ಆದರೆ ಅದರ ಶಕ್ತಿಯಲ್ಲಿ ನೂರಕ್ಕೆ 20ರಿಂದ 30 ಪಾಲು ಅರಗಿಸುವುದಕ್ಕೇ ಖರ್ಚಾಗುತ್ತದೆ. ರೊಟ್ಟಿ, ಅನ್ನದ ಪಿಷ್ಟಕ್ಕೆ 5ರಿಂದ 10. ಎಣ್ಣೆ, ಬೆಣ್ಣೆಗೆ ಹೆಚ್ಚೆಂದರೆ 3. ಅಂದರೆ ಆ ಹುಡುಗ ಕೇಳಿದ ಬೆಣ್ಣೆಯೇ ಎಲ್ಲಕ್ಕಿಂತ ಕಡಿಮೆ ಸುಡುವಂಥದ್ದು.

ಹಾಗಾದರೆ ದಿನಾ ವ್ಯಾಯಾಮ ಮಾಡುವವರಲ್ಲಿ ಈ ಸುಡುವುದು ಜಾಸ್ತಿಯಾ? ಕೆಲವು ಅಧ್ಯಯನಗಳಲ್ಲಿ ಜಾಸ್ತಿ ಕಂಡಿದೆ, ಕೆಲವದರಲ್ಲಿ ವ್ಯತ್ಯಾಸವೇ ಇಲ್ಲ, ಕೆಲವದರಲ್ಲಿ ಕಡಿಮೆ ಅಂತಲೂ ಬಂದಿದೆ. ಇರಲಿ, ಜಾಸ್ತಿ ಅಂತಲೇ ಇಟ್ಟುಕೊಳ್ಳೋಣ. ನೂರಕ್ಕೆ 10 ಇದ್ದದ್ದು 11 ಆದರೆ ಇಡೀ ದಿನಕ್ಕೆ ಸಿಗುವುದು 20 ಕ್ಯಾಲೊರಿ. ಒಂದು ಚಹಾ ಚಮಚ ಸಕ್ಕರೆ! ಅದನ್ನು ನಂಬಿಕೊಂಡು ಇನ್ನೊಂದು ಮಿರ್ಚಿ ತಿನ್ನಬೇಡಿ ಅಂತ ನನ್ನ ಗಿರಾಕಿಗಳಿಗೆ ನಾನೇ ಹೇಳುತ್ತೇನೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಆ ನಡಿಗೆಯಲ್ಲೇ 120-150 ಕ್ಯಾಲೊರಿ ಹೋಗುತ್ತದೆ, ಲೆಕ್ಕಕ್ಕೆ ಬರುವುದು ಅದು.

ವ್ಯಾಯಾಮದ ನಿಜವಾದ ಉಪಕಾರ ಬೇರೆ ಕಡೆ ಇದೆ, ಅದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮ ಮನೆಯವರಿಗೆ ಶುಗರ್. ಎರಡು ರೊಟ್ಟಿ, ಕಾಳುಪಲ್ಯ, ಒಂದು ಮುಷ್ಟಿ ಅನ್ನ ಉಂಡು ಟಿವಿ ಮುಂದೆ ಕೂತ ರಾತ್ರಿ, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ 214 ಇತ್ತು. ಮರುದಿನ ಅದೇ ಊಟ ಮಾಡಿ ಮನೆ ಮುಂದಿನ ರಸ್ತೆಯಲ್ಲಿ ಹದಿನೈದು ನಿಮಿಷ ಸುಮ್ನೆ ಅಡ್ಡಾಡಿ ಬಂದರು, 171. ಒಂದೇ ಮನೆಯ, ಎರಡೇ ರಾತ್ರಿಯ ಲೆಕ್ಕ ಇದು, ಇದನ್ನೇ ಎಲ್ಲರಿಗೂ ಹಿಡಿಯಬೇಡಿ. ಆದರೆ ಕಾರಣ ಗೊತ್ತಿರುವಂಥದ್ದೇ. ನಡೆಯುವಾಗ ತೊಡೆ, ಮೀನಖಂಡದ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಒಮ್ಮೆ ಮೈ ದುಡಿದರೆ ಇನ್ಸುಲಿನ್ ಒಂದೆರಡು ದಿನ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಇದ್ದಲ್ಲಿಗೇ. ಅದಕ್ಕೇ ವಾರಕ್ಕೊಮ್ಮೆ ಬೆಟ್ಟ ಹತ್ತಿದರೆ ಸಾಲದು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಟೈಪ್ 2 ಶುಗರ್ ಇರುವ 41 ಜನರನ್ನು ನೋಡಿದ್ದಾರೆ. ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ, ಮೂರು ಹೊತ್ತೂ ಊಟವಾದ ಮೇಲೆ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ನೂರಕ್ಕೆ 12 ಕಡಿಮೆ. ರಾತ್ರಿ ಊಟದ ನಂತರವಂತೂ 22 ಕಡಿಮೆ!

ಈಗ ನಾನು ಪತ್ರ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಉಪಯೋಗ ರಾತ್ರಿ ಊಟದ ಮೇಲೆ, ಆದರೆ ನಡೆಯಲು ಜಾಗ ಎಲ್ಲಿದೆ? ನಮ್ಮ ಬಡಾವಣೆಯ ಉದ್ಯಾನಕ್ಕೆ ಎಂಟು ಗಂಟೆಗೇ ಬೀಗ. ಒಳಗೆ ಒಳ್ಳೆಯ ನಡಿಗೆ ದಾರಿ ಇದೆ, ಕಲ್ಲುಬೆಂಚು ಇದೆ, ಗೇಟಿನ ಸರಳುಗಳ ನಡುವೆ ನೋಡುತ್ತಾ ನಿಲ್ಲಬೇಕು. ರಸ್ತೆಗೆ ಹೋದರೆ ಫುಟ್‌ಪಾತ್ ಮೇಲೆ ಬೈಕುಗಳು, ನಾಲ್ಕು ಕಂಬದಲ್ಲಿ ಎರಡಕ್ಕೆ ದೀಪ ಇಲ್ಲ, ಮೂಲೆಯಲ್ಲಿ ನಾಯಿಗಳ ಗುಂಪು. ಹೋದ ತಿಂಗಳು ನಮ್ಮ ಮನೆಯವರು ಕತ್ತಲಲ್ಲಿ ಕಿತ್ತುಹೋದ ಚಪ್ಪಡಿಗೆ ಎಡವಿ ಮೊಣಕಾಲು ಕೆತ್ತಿಸಿಕೊಂಡು ಬಂದರು. ಆವತ್ತಿನಿಂದ ಮನೆಯ ಟೆರೇಸ್ ಮೇಲೆ, ನೀರಿನ ಟಾಕಿ ಸುತ್ತ ತಿರುಗುತ್ತಿದ್ದಾರೆ. ಹೆಣ್ಣುಮಕ್ಕಳಂತೂ ಆ ಹೊತ್ತಿಗೆ ಹೊರಗೆ ಕಾಲಿಡುವುದೇ ಕಷ್ಟ, ದಿನವಿಡೀ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ನಮ್ಮವರಿಗೆ ಬಿಡುವು ಸಿಗುವುದೇ ಆಗ.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ಇಷ್ಟೇ. ಹುಬ್ಬಳ್ಳಿ-ಧಾರವಾಡದ ಬಡಾವಣೆ ಉದ್ಯಾನಗಳನ್ನು ರಾತ್ರಿ ಹತ್ತೂವರೆವರೆಗೆ ತೆರೆದಿಡಿ, ನಡಿಗೆ ದಾರಿಗೆ ದೀಪ ಹಾಕಿಸಿ, ಗೇಟಿನಲ್ಲಿ ಒಬ್ಬ ಕಾವಲುಗಾರ ಇರಲಿ. ಒಂಬತ್ತಕ್ಕೆ ಮುಚ್ಚಿದರೂ ನಮಗೆ ಉಪಯೋಗವಿಲ್ಲ, ನನ್ನ ಖಾನಾವಳಿಯಲ್ಲಿ ಕೊನೆಯವರು ಕೈ ತೊಳೆದು ಏಳುವಾಗ ಒಂಬತ್ತೂವರೆ ಆಗಿರುತ್ತದೆ.

ಖಾನಾವಳಿ ನಡೆಸುವ ಓದುಗಿ, ಹುಬ್ಬಳ್ಳಿ