ಜೊತೆಗೆ ನಿಂತ ಎಲ್ಲರಿಗೂ

ಮಗನ ವರ್ಷದ ಕಾರ್ಯ ಮುಗಿಯಿತು. ಬಂದು ನಿಂತವರಿಗೆ, ಬರಲಾಗದೆ ಫೋನಿನಲ್ಲೇ ಅತ್ತವರಿಗೆ, ಮೊದಲ ತಿಂಗಳು ಒಲೆ ಹಚ್ಚಲು ಬಿಡದೆ ಅನ್ನ-ಸಾರು ತಂದುಕೊಟ್ಟ ನಮ್ಮ ಬೀದಿಯವರಿಗೆ ಕೈ ಮುಗಿಯುತ್ತೇನೆ. ಈ ಮನೆ ನಿಂತಿದ್ದು ನಿಮ್ಮಿಂದ.

ಹಳೆಯ ವಿದ್ಯಾರ್ಥಿಯೊಬ್ಬ ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಯ ಚಿತ್ರಗಳ ಪುಸ್ತಕ ತಂದಿಟ್ಟು, ಏನೂ ಮಾತಾಡದೆ ಸುಮ್ನೆ ಒಂದಿಷ್ಟು ಹೊತ್ತು ಕೂತು ಹೋದ. ಅವನಿಗೂ ಥ್ಯಾಂಕ್ಸ್. ಮೊನೆಯ ಬೆಳಕು, ಬಣ್ಣ ಅಂತ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆತನನ್ನು ಒಬ್ಬ ಅಪ್ಪನಾಗಿ ನೋಡಿದ್ದು ಈಗ. ದೊಡ್ಡ ಮಗ ಝಾನ್ ತುಂಬಾ ದಿನ ಕಾಯಿಲೆ ಬಿದ್ದು 1914ರ ಫೆಬ್ರವರಿಯಲ್ಲಿ ತೀರಿಕೊಂಡ. 46 ವರ್ಷ. ಮೊನೆಯ ಹೆಂಡತಿ ಆಲಿಸ್ 1911ರಲ್ಲೇ ಹೋಗಿದ್ದಳು, ಆತನ ಕಣ್ಣಿಗೆ ಪೊರೆ ಬೇರೆ. ಇದೇ ಮಗ ಚಿಕ್ಕವನಿದ್ದಾಗ, 1872ರಲ್ಲಿ, ಆಟದ ಕುದುರೆ ಮೇಲೆ ಕೂತಿರುವ ಹಾಗೆ ಮೊನೆ ಒಂದು ಚಿತ್ರ ಬರೆದಿದ್ದ. ಅದನ್ನು ಯಾವ ಪ್ರದರ್ಶನಕ್ಕೂ ಕೊಡಲಿಲ್ಲ, ಸಾಯುವ ತನಕ ತನ್ನ ಹತ್ತಿರವೇ ಇಟ್ಟುಕೊಂಡ. ಆತನ ಒಳಗೆ ಏನಿತ್ತು ಅಂತ ತಿಳಿಯಲು ನನಗೆ ಇಷ್ಟು ಸಾಕು.

ಮೊನೆ ಮತ್ತೆ ಕುಂಚ ಹಿಡಿದದ್ದು ಒಬ್ಬನೇ ಗಟ್ಟಿಯಾಗಿ ಅಲ್ಲ. ಗೆಳೆಯ ಕ್ಲೆಮಾನ್ಸೊ ಬೆನ್ನು ಬಿಡಲಿಲ್ಲ. ಝಾನ್‌ನ ಹೆಂಡತಿ ಬ್ಲಾಂಶ್, ಗಂಡನನ್ನು ಕಳೆದುಕೊಂಡವಳು, ಮೊನೆಯ ಮನೆಯಿದ್ದ ಜಿವೆರ್ನಿ ಎಂಬ ಹಳ್ಳಿಯಲ್ಲಿ ಮಾವನ ಜೊತೆಗೇ ಉಳಿದಳು. ಮಗ ಹೋದ ಆ ವರ್ಷವೇ ನೈದಿಲೆ ಕೊಳದ ದೊಡ್ಡ ಚಿತ್ರಗಳ ಕೆಲಸ ಶುರುವಾಯಿತು. ಇವತ್ತು ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಂನಲ್ಲಿ ಎರಡು ಕೋಣೆಗಳ ಗೋಡೆ ತುಂಬ ಇರುವುದು ಅವೇ.

ನನ್ನ ಸೊಸೆಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಅವಳ ಸಂಕಟ ನನ್ನದಕ್ಕಿಂತ ಕಮ್ಮಿಯಲ್ಲ, ಆದರೂ ನನ್ನ ಶುಗರ್, ಮಾತ್ರೆ, ಊಟ ಅಂತ ಓಡಾಡಿದಳು, "ಮಾವ, ಒಂದು ಗೆರೆ ಎಳೀರಿ ಸಾಕು" ಅಂತ ಪೆನ್ಸಿಲ್ ಚೂಪು ಮಾಡಿ ಕೈಗಿಟ್ಟಳು.

ಬ್ಲಾಂಶ್ ಕೂಡ ಒಳ್ಳೆಯ ಚಿತ್ರಗಾರ್ತಿ. ಮಾವನನ್ನು ನೋಡಿಕೊಳ್ಳುತ್ತ ತನ್ನ ಚಿತ್ರಗಳನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದಳು, 1926ರಲ್ಲಿ ಆತ ತೀರಿಕೊಂಡ ಮೇಲೆಯೇ ಮತ್ತೆ ಮನಸ್ಸಿಟ್ಟು ಬರೆದದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಸೊಸೆಯನ್ನು ಕೂರಿಸಿಕೊಂಡು ಮಾತಾಡಿದೆ. ನಿಲ್ಲಿಸಿದ್ದ ಪಿಎಚ್‌ಡಿ ಮುಂದುವರಿಸಲು ಅವಳು ಧಾರವಾಡಕ್ಕೆ ಹೊರಟಿದ್ದಾಳೆ. "ಹಾಗಾದ್ರೆ ನಿಮ್ಮನ್ನು ಯಾರು ನೋಡ್ಕೊಳ್ತಾರೆ?" ಅಂತ ನೆಂಟರು ಪ್ರೀತಿಯಿಂದಲೇ ಕೇಳುತ್ತಿದ್ದೀರಿ. ಅಕ್ಕಪಕ್ಕದವರು ಇದ್ದಾರೆ, ವಿದ್ಯಾರ್ಥಿಗಳು ಇದ್ದಾರೆ, ನನ್ನ ಕೈಕಾಲೂ ನೆಟ್ಟಗಿವೆ ಅಲ್ವಾ? ಇಷ್ಟು ಮಾಡಿದವರು ಇದೊಂದು ಮಾಡಿ, ಅವಳನ್ನು ಖುಷಿಯಿಂದ ಹರಸಿ ಕಳಿಸಿಕೊಡಿ.