ಮೂಗಿನ ಫಿಲ್ಟರ್ ಕೊಟ್ಟು ಕಲ್ಲು ಕಟ್ ಮಾಡ್ಲಿಕ್ಕೆ ಕಳಿಸ್ಬೇಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮೂಗಿನ ಹೊಳ್ಳೆಗೆ ಸಿಕ್ಕಿಸುವ ಸಣ್ಣ ಫಿಲ್ಟರ್ ಈಗ ನಮ್ಮ ಕಡೆ ಮೆಡಿಕಲ್‌ಗಳಲ್ಲೂ ಸಿಗ್ತದೆ, ಆನ್‌ಲೈನಲ್ಲೂ ಸಿಗ್ತದೆ, ಬೈಕಲ್ಲಿ ಓಡಾಡುವ ಹುಡುಗರು, ಬೆಳಿಗ್ಗೆ ಎದ್ದ ಕೂಡ್ಲೇ ಸೀನು ಶುರು ಆಗುವವರು ತಗೊಂಡು ಹೋಗ್ತಾರೆ, ಅದ್ರಲ್ಲಿ ನನಗೆ ಎಂತ ತಕರಾರೂ ಇಲ್ಲ. ಆದ್ರೆ ಈಗೀಗ ಗ್ರಾನೈಟ್, ಟೈಲ್ಸ್ ಕೆಲ್ಸ ಹಿಡಿಯುವ ಕೆಲವು ಕಂಟ್ರಾಕ್ಟರ್‌ಗಳು ಬಂದು ಡಜನ್ ಲೆಕ್ಕದಲ್ಲಿ ಕೇಳ್ಲಿಕ್ಕೆ ಶುರು ಮಾಡಿದ್ದಾರೆ. ಯಾರಿಗೆ ಅಂತ ಕೇಳಿದ್ರೆ ಕಟ್ಟಿಂಗ್ ಹುಡುಗರಿಗೆ, "ಮಾಸ್ಕ್ ಕೊಟ್ರೆ ಬೆವರಿಗೆ ತೆಗ್ದು ಬಿಸಾಡ್ತಾರೆ, ಇದಾದ್ರೆ ಮೂಗಲ್ಲೇ ಕೂತ್ಕೊಳ್ತದೆ" ಅಂತ ಹೇಳ್ತಾರೆ. ನಾನು ಸುರತ್ಕಲ್ ಹತ್ರ ಮೆಡಿಕಲ್ ಶಾಪ್ ನಡೆಸುವವನು. ವ್ಯಾಪಾರ ಆಗ್ತದಲ್ಲ ಅಂತ ಸುಮ್ಮನೆ ಕಟ್ಟಿ ಕೊಡ್ಲಿಕ್ಕೆ ಮನಸ್ಸು ಒಪ್ಪುದಿಲ್ಲ, ಒಬ್ಬೊಬ್ಬರಿಗೆ ಕೌಂಟರಲ್ಲಿ ನಿಂತು ಹೇಳಿ ಮುಗಿಯುವ ವಿಷಯವೂ ಅಲ್ಲ, ಹಾಗಾಗಿ ನಿಮಗೆ ಬರೀತಾ ಇದ್ದೇನೆ.

ಇದ್ರಲ್ಲಿ ಎರಡು ನಮೂನೆ ಉಂಟು. ಒಂದು ಹೊಳ್ಳೆಯ ಒಳಗೆ ಕೂತ್ಕೊಳ್ಳುವಂತದ್ದು, ಎರಡು ಪುಟ್ಟ ಫಿಲ್ಟರ್, ಮಧ್ಯೆ ಬಳುಕುವ ಒಂದು ಪ್ಲಾಸ್ಟಿಕ್ ಕಡ್ಡಿ, ಹಾಕಿದ್ರೆ ಆ ಕಡ್ಡಿ ಮಾತ್ರ ಸ್ವಲ್ಪ ಹೊರಗೆ ಕಾಣ್ತದೆ. ಇನ್ನೊಂದು ಹೊಳ್ಳೆಗೆ ಹೊರಗಿನಿಂದ ಅಂಟಿಸುವಂತದ್ದು. ದೆಹಲಿ ಐಐಟಿಯಿಂದ ಬಂದ ಹುಡುಗರ ಸ್ಟಾರ್ಟಪ್ ಒಂದು 2017ರಲ್ಲಿ ನೇಸೋಫಿಲ್ಟರ್ ಅಂತ 10 ರೂಪಾಯಿಗೆ ತಂದದ್ದು ಇದೇ ನಮೂನೆ, ನ್ಯಾನೋಫೈಬರ್ ಅಂದ್ರೆ ಕೂದಲಿಗಿಂತ ನೂರಾರು ಪಾಲು ಸಪೂರ ನೂಲಿನ ಪದರ ಅದ್ರಲ್ಲಿ. ಅದಕ್ಕೂ ಮೊದ್ಲೇ ಡೆನ್ಮಾರ್ಕಿನ ಆರ್ಹಸ್ ಯೂನಿವರ್ಸಿಟಿಯ ಕಡೆಯಿಂದ ರೈನಿಕ್ಸ್ ಅಂತ ಒಂದು ಬಂದಿತ್ತು, ಹುಲ್ಲಿನ ಪರಾಗದ ಅಲರ್ಜಿ ಇರುವವರ ಮೇಲೆ ಅದನ್ನು ಸರಿಯಾಗಿ ಪರೀಕ್ಷೆ ಮಾಡಿ ಮೂಗಿನ ತೊಂದರೆ ಕಮ್ಮಿ ಆಗ್ತದೆ ಅಂತ ತೋರಿಸಿದ್ರು. ಅಂದ್ರೆ ಇದು ಬೊಗಳೆ ಸಾಮಾನಲ್ಲ, ಬುದ್ಧಿ ಖರ್ಚು ಮಾಡಿ ಮಾಡಿದ್ದು. ಪರಾಗದ ಕಣ ಹೆಚ್ಚಾಗಿ 20 ಮೈಕ್ರಾನಿನ ಮೇಲೆ ಇರ್ತದೆ (ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), ಅಷ್ಟು ದೊಡ್ಡದನ್ನು ಹಿಡಿಯುದು ಇಂತ ಫಿಲ್ಟರಿಗೆ ಕಷ್ಟ ಅಲ್ಲ. ನಮ್ಮ ಊರಿನ ಥಂಡಿಯಲ್ಲಿ ಹಾಸಿಗೆ ದಿಂಬಿನಲ್ಲಿ ಬೆಳೆಯುವ ಡಸ್ಟ್ ಮೈಟ್ ಅಂತ ಕಣ್ಣಿಗೆ ಕಾಣದ ಹುಳ ಉಂಟಲ್ಲ, ಅದರ ಹಿಕ್ಕೆಯೂ ಸುಮಾರು ಅದೇ ಸೈಜು. ಅಟ್ಟದ ಧೂಳು ತೆಗೀಲಿಕ್ಕೆ, ಚಾಪೆ ಕೊಡವ್ಲಿಕ್ಕೆ, ಅಲರ್ಜಿ ಇರುವವರು ಧಾರಾಳ ಹಾಕಿ. ನಾನೇ ಹೇಳಿ ಕೊಡ್ತೇನೆ.

ಕಲ್ಲು ಕಟ್ ಮಾಡುವಾಗ ಏಳುವ ಧೂಳು ಬೇರೆಯೇ ಜಾತಿ. ಗ್ರಾನೈಟಲ್ಲಿ ಕ್ವಾರ್ಟ್ಜ್ ಇರ್ತದೆ, ನಿಜವಾದ ಗ್ರಾನೈಟಾದ್ರೆ 20 ಪರ್ಸೆಂಟಿನ ಮೇಲೆಯೇ, ಅದು ಸಿಲಿಕಾ. ಬ್ಲೇಡ್ ತಿರುಗಿದಾಗ ಎದ್ದು ಬರುವ ಬಿಳಿ ಮೋಡ ಕಣ್ಣಿಗೆ ಕಾಣ್ತದೆ, ತಲೆಗೂದಲಿಗೆಲ್ಲ ಹಿಡಿಯುವ ಆ ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ಎಲ್ಲ ಸೇರಿ ಹೆಚ್ಚಾಗಿ ಮೇಲೆಯೇ ಹಿಡಿದುಬಿಡ್ತವೆ, 10 ಮೈಕ್ರಾನಿಗಿಂತ ದೊಡ್ಡದು ಕೆಳಗೆ ಇಳಿಯುದೇ ಕಮ್ಮಿ. ಕೊಲ್ಲುದು ಕಣ್ಣಿಗೆ ಕಾಣದೇ ಇರುವಂತದ್ದು, ನಾಲ್ಕು ಮೈಕ್ರಾನಿಗಿಂತಲೂ ಸಣ್ಣದು, ಅದು ಸೀದಾ ಶ್ವಾಸಕೋಶದ ತುದಿಯ ಗಾಳಿಚೀಲಕ್ಕೆ ಹೋಗಿ ಕೂತ್ಕೊಳ್ತದೆ, ದೇಹ ಅದನ್ನು ಕರಗಿಸ್ಲಿಕ್ಕೆ ಆಗದೆ ಸುತ್ತ ಗಾಯದ ಕಲೆ ಕಟ್ತಾ ಹೋಗ್ತದೆ. ಅದೇ ಸಿಲಿಕೋಸಿಸ್. ಮದ್ದಿಲ್ಲ ಅದಕ್ಕೆ. ಇನ್ಹೇಲರ್, ಕೆಮ್ಮಿನ ಸಿರಪ್ ಎಲ್ಲ ನಾನು ಮಾರ್ತೇನೆ, ಒಂದೂ ಆ ಕಲೆಯನ್ನು ಅಳಿಸುದಿಲ್ಲ. ಸಾಧಾರಣ ಧೂಳಲ್ಲಿ ಹತ್ತು ವರ್ಷ ಕಳೆದ ಮೇಲೆ ಕಾಣಿಸ್ಕೊಳ್ತದೆ, ಧೂಳು ವಿಪರೀತ ಇದ್ರೆ ಅದಕ್ಕೂ ಮೊದ್ಲೇ, ಕಲ್ಲಿನ ಕೆಲ್ಸ ಬಿಟ್ಟ ಮೇಲೂ ಜಾಸ್ತಿ ಆಗ್ತಾ ಹೋಗ್ಬಹುದು.

ಹೊಸ ಫ್ಲಾಟುಗಳ ಅಡುಗೆಮನೆಯಲ್ಲಿ ಈಗ ಕ್ವಾರ್ಟ್ಜ್ ಸ್ಲ್ಯಾಬ್ ಅಂತ ಹಾಕ್ತಾರೆ, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು, ಅದ್ರಲ್ಲಿ ಸಿಲಿಕಾ 90 ಪರ್ಸೆಂಟ್ ದಾಟ್ತದೆ. ಅದನ್ನು ಕಟ್ ಮಾಡಿ ಮಾಡಿ ಪ್ರಾಯದ ಹುಡುಗರ ಶ್ವಾಸಕೋಶ ಹಾಳಾದದ್ದು ನೋಡಿ ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಆ ಸ್ಲ್ಯಾಬನ್ನೇ ಬ್ಯಾನ್ ಮಾಡಿದ್ರು. ಅಷ್ಟು ಕಾನೂನು, ಅಷ್ಟು ಇನ್‌ಸ್ಪೆಕ್ಷನ್ ಇರುವ ದೇಶ ಮಾಸ್ಕ್ ಹಾಕಿ ಮಾಡಿ ಅಂತ ಬಿಡ್ಲಿಲ್ಲ, ಸಾಮಾನೇ ಬೇಡ ಅಂತ ನಿಲ್ಲಿಸಿತು. ಇಲ್ಲಿ ನಮ್ಮ ಹುಡುಗರು ಲಿಫ್ಟ್ ಆಗದ ಬಿಲ್ಡಿಂಗಿನ ಆರನೇ ಮಾಳಿಗೆಯಲ್ಲಿ ಬಾಗಿಲು ಹಾಕ್ಕೊಂಡು, ಮುಖಕ್ಕೆ ಒಂದು ಬೈರಾಸು ಕಟ್ಕೊಂಡು ಅದೇ ಸ್ಲ್ಯಾಬಿಗೆ ಸಿಂಕಿನ ತೂತು ಕೊರೀತಾರೆ.

ಈ ಧೂಳಿಗೆ ಮೂಗಿನ ಫಿಲ್ಟರ್ ಯಾಕೆ ಸಾಲುದಿಲ್ಲ ಅಂದ್ರೆ ಲೆಕ್ಕ ಸುಲಭ ಉಂಟು. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೀತೇವೆ, ಗ್ರಾನೈಟ್ ಹೊತ್ತು ಮೆಟ್ಟಿಲು ಹತ್ತುವಾಗ 40 ಲೀಟರ್ ದಾಟ್ತದೆ. ಒಂದು ಎನ್95 ಮಾಸ್ಕಲ್ಲಿ ಗಾಳಿ ಸೋಸುವ ಬಟ್ಟೆ ಹೆಚ್ಚುಕಮ್ಮಿ ಅಂಗೈ ಅಗಲ ಇರ್ತದೆ, ಹೊಳ್ಳೆಯ ಫಿಲ್ಟರಲ್ಲಿ ಉಗುರಿನಷ್ಟು ಜಾಗ. ಜಾತ್ರೆಯ ಜನ ಎಲ್ಲ ಒಂದೇ ಸಣ್ಣ ಬಾಗಿಲಲ್ಲಿ ನುಗ್ಗಿದ ಹಾಗೆ, ಅಷ್ಟೂ ಗಾಳಿ ಅಷ್ಟು ಸಣ್ಣ ಜಾಗದಲ್ಲಿ ಹೋಗ್ಬೇಕು, ಹಾಗಾಗಿ ಒಂದೋ ನೇಯ್ಗೆ ಸಡಿಲ ಮಾಡ್ಬೇಕು, ಆಗ ಸಣ್ಣ ಕಣ ನುಸುಳ್ತದೆ, ಇಲ್ಲ ಬಿಗಿ ಮಾಡ್ಬೇಕು, ಆಗ ಉಸಿರು ಕಟ್ತದೆ. ಉಸಿರು ಕಟ್ಟಿದ್ರೆ ಮನುಷ್ಯ ಎಂತ ಮಾಡ್ತಾನೆ, ಬಾಯಿ ತೆರೀತಾನೆ. ಫಿಲ್ಟರ್ ಇಲ್ಲದಿದ್ರೂ ಜೋರು ಕೆಲ್ಸದಲ್ಲಿ 35-40 ಲೀಟರ್ ದಾಟಿದ ಮೇಲೆ ಹೆಚ್ಚಿನವರ ಬಾಯಿ ತಾನಾಗಿ ತೆರೀತದೆ, ಇದು ಅಭ್ಯಾಸದ ದೋಷ ಅಲ್ಲ, ದೇಹ ಇರುದೇ ಹಾಗೆ. ಬಾಯಿ ತೆರೆದ ಮೇಲೆ ಮೂಗಲ್ಲಿ ಎಂತ ಇದ್ದು ಎಂತ ಪ್ರಯೋಜನ? ಅದೂ ಅಲ್ಲದೆ ಎಲ್ಲರ ಹೊಳ್ಳೆ ಒಂದೇ ಸೈಜ್ ಅಲ್ಲ, ಎಷ್ಟೋ ಜನರಿಗೆ ಮೂಗಿನ ನಡುವಿನ ಗೋಡೆ ಒಂದು ಬದಿಗೆ ವಾಲಿರ್ತದೆ, ಸೈಡಲ್ಲಿ ಒಂದು ಸಣ್ಣ ಸಂದು ಇದ್ರೂ ಗಾಳಿ ಫಿಲ್ಟರ್ ಬಿಟ್ಟು ಆ ಸಂದಿಯಲ್ಲೇ ಹೋಗ್ತದೆ. ಬರೀ ಬೈರಾಸು ಕಟ್ಟಿದವನಿಗೆ ತನಗೆ ರಕ್ಷಣೆ ಇಲ್ಲ ಅಂತ ಗೊತ್ತಿರ್ತದೆ, ಧೂಳಿಗೆ ಬೆನ್ನು ಹಾಕಿ ಕೂತ್ಕೊಳ್ತಾನೆ, ಆಗಾಗ ಹೊರಗೆ ಬರ್ತಾನೆ. ಮೂಗಲ್ಲಿ ಫಿಲ್ಟರ್ ಉಂಟು ಅಂತ ಧೈರ್ಯ ಕೊಟ್ಟು ಅವನನ್ನು ಧೂಳಿನ ಮಧ್ಯೆ ಕೂರಿಸುದು ನನಗೆ ಎಲ್ಲಕ್ಕಿಂತ ಹೆದರಿಕೆಯ ವಿಷಯ.

ಇನ್ನೊಂದು ಮಾತು. ಆ ನೇಸೋಫಿಲ್ಟರ್ ಹುಟ್ಟಿದ್ದು ದೆಹಲಿಯಂತ ಊರಿನ ಹೊಗೆಮಂಜನ್ನು ಮನಸ್ಸಲ್ಲಿ ಇಟ್ಕೊಂಡು, ಅಲ್ಲಿ ಮನೆಯಿಂದ ಹೊರಗೆ ಕಾಲಿಟ್ಟವರೆಲ್ಲ ಒಂದೇ ಗಾಳಿ ಕುಡೀತಾರೆ. ನಮಗೆ ಕಡಲ ಗಾಳಿ ಉಂಟು, ನಾಲ್ಕು ತಿಂಗಳ ಮಳೆ ಉಂಟು, ಊರಿಡೀ ಹೊಗೆ ಕಟ್ಟಿ ನಿಲ್ಲುದು ಕಮ್ಮಿ. ನಮ್ಮಲ್ಲಿ ಧೂಳು ಇರುದು ಕೆಲ್ಸದ ಜಾಗದಲ್ಲಿ, ಹೈವೇ ಅಗಲ ಮಾಡುವಲ್ಲಿ, ಜಲ್ಲಿ ಕ್ರಷರಿನಲ್ಲಿ, ಕೆಂಪುಕಲ್ಲಿನ ಕೋರೆಯಲ್ಲಿ, ಮರದ ಮಿಲ್ಲಲ್ಲಿ, ಚಾಲಿ ಅಡಿಕೆ ಸುಲಿಯುವ ಅಂಗಳದಲ್ಲಿ, ಕಾರ್ಕಳದ ಕಡೆ ಕಲ್ಲು ಕೆತ್ತುವ ಶೆಡ್ಡಿನಲ್ಲಿ. ಎಲ್ಲಿ ಏಳ್ತದೋ ಅಲ್ಲಿಯೇ ಅದನ್ನು ಕೂರಿಸ್ಲಿಕ್ಕೆ ಆಗ್ತದೆ, ಹಾಗಿರುವಾಗ ಅದು ಮೂಗಿನ ತನಕ ಬರ್ಲಿ ಅಂತ ಕಾಯುದು ಯಾಕೆ?

ಬ್ಲೇಡಿಗೆ ನೀರು ಬಿಡುದು ಮೊದ್ಲಿನ ಕೆಲ್ಸ. ನೀರು ಬಿಡುವ ಕಟ್ಟರ್ ಸಿಗ್ತದೆ, ಅದ್ರಲ್ಲಿ ಧೂಳು ಕೆಸರಾಗಿ ಕೆಳಗೆ ಬೀಳ್ತದೆ, ಆದ್ರೆ ಕರೆಂಟಿನ ಮೆಷಿನ್ ಆದ ಕಾರಣ ನೀರಿಗೆ ಅಂತಲೇ ಮಾಡಿದ ಮೆಷಿನ್ ಮತ್ತು ಶಾಕ್ ಹೊಡೆಯದ ಹಾಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೇ ತಾನಾಗಿ ಲೈನ್ ಕಟ್ ಮಾಡುವ ಸ್ವಿಚ್) ಇರುವ ಲೈನ್ ಬೇಕೇ ಬೇಕು. ಫ್ಲಾಟ್ ಕೊಳ್ಳುವವರು ಒಳಗೆ ಕೆಸರಾಗ್ತದೆ ಅಂತ ಕಿರಿಕಿರಿ ಮಾಡ್ತಾರೆ ಅಂತ ಒಬ್ಬರು ಕಂಟ್ರಾಕ್ಟರ್ ನನ್ನ ಹತ್ರ ಹೇಳಿದ್ರು. ಕೆಸರನ್ನು ಒರೆಸ್ಬಹುದು ಸ್ವಾಮಿ. ಆಮೇಲೆ ಮಾಸ್ಕ್, ಅದೂ ನೀಲಿ ಸರ್ಜಿಕಲ್ ಮಾಸ್ಕ್ ಅಲ್ಲ, ಪ್ಯಾಕೆಟಿನ ಮೇಲೆ ಐಎಸ್ 9473 (ಇಂತ ಮಾಸ್ಕಿಗೆ ಇರುವ ಭಾರತದ ಸ್ಟ್ಯಾಂಡರ್ಡ್) ಅಂತ ಇರ್ಬೇಕು, ಎಫ್‌ಎಫ್‌ಪಿ2 ಅಂತ ಇರ್ಬೇಕು, ಅಂದ್ರೆ 94 ಪರ್ಸೆಂಟ್ ಸೋಸ್ತದೆ, ಎಫ್‌ಎಫ್‌ಪಿ3 ಆದ್ರೆ 99. ಗಡ್ಡ ಇದ್ರೆ ಅದೂ ಸರಿಯಾಗಿ ಕೂತ್ಕೊಳ್ಳುದಿಲ್ಲ. ಸೋಪಲ್ಲಿ ತೊಳೆದ್ರೆ ಅದರ ನೂಲಿನ ಒಳಗಿರುವ ಸ್ಟ್ಯಾಟಿಕ್ ಚಾರ್ಜ್ ಹೋಗಿ ಕೆಲ್ಸ ಕೆಡ್ತದೆ, ಹಾಗಾಗಿ ತೊಳೀಬೇಡಿ, ಬದಲಿಸಿ. ಬೆವರಿಗೆ ಹಾಕ್ಲಿಕ್ಕೆ ಆಗುದಿಲ್ಲ ಎನ್ನುದು ಸುಳ್ಳಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಅಂಗಿ ಹಾಕ್ಕೊಂಡು ಇರುದೇ ಕಷ್ಟ, ಅದಕ್ಕೆ ಮಾಸ್ಕ್ ಬಿಟ್ಟುಬಿಡುದು ಪರಿಹಾರ ಅಲ್ಲ. ಅರ್ಧ ಗಂಟೆ ಕಟ್ಟಿಂಗ್, ಆಮೇಲೆ ಹೊರಗೆ ಬಂದು ಬೇರೆ ಕೆಲ್ಸ, ಒದ್ದೆ ಆದ್ರೆ ಹೊಸ ಮಾಸ್ಕ್. ಇದಕ್ಕೆ ಆಗುವ ಖರ್ಚು ಒಂದು ಸ್ಕ್ವೇರ್ ಫೀಟ್ ಗ್ರಾನೈಟಿನ ರೇಟಿನ ಎದುರು ಎಂತದ್ದೂ ಅಲ್ಲ.

ಕಾನೂನು ಇಲ್ಲ ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನಲ್ಲೇ ಧೂಳು ಏಳುವ ಜಾಗದ ಆದಷ್ಟು ಹತ್ರವೇ ಅದನ್ನು ಎಳೆದು ಹೊರಗೆ ಹಾಕುವ ವ್ಯವಸ್ಥೆ ಮಾಡ್ಬೇಕು ಅಂತ ಬರೆದಿದ್ರು, ಸಿಲಿಕೋಸಿಸನ್ನು ರಿಪೋರ್ಟ್ ಮಾಡ್ಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದ್ರು. ಕೇಂದ್ರ ಪರಿಸರ ಇಲಾಖೆ 2018ರ ಜನವರಿಯಲ್ಲಿ, ಪರಿಸರ ಇಲಾಖೆಯ ಅನುಮತಿ ಬೇಕಾಗುವ ದೊಡ್ಡ ಕಟ್ಟಡದ ಜಾಗದಲ್ಲಿ ನೀರು ಸಿಂಪಡಿಸ್ಬೇಕು, ಮರಳು ಮಣ್ಣು ಮುಚ್ಚದೆ ಇಡ್ಬಾರ್ದು, ಧೂಳಿಗೆ ಎಂತ ಕ್ರಮ ತಗೊಂಡಿದ್ದೀರಿ ಅಂತ ಬೋರ್ಡ್ ಹಾಕ್ಬೇಕು ಅಂತ ನಿಯಮ ಮಾಡಿದೆ. ಕೊಟ್ಟಾರದಿಂದ ಮುಲ್ಕಿ ತನಕ ಎಷ್ಟು ಬಿಲ್ಡಿಂಗ್ ಏಳ್ತಾ ಉಂಟು, ಆ ಬೋರ್ಡ್ ನನ್ನ ಕಣ್ಣಿಗೆ ಬೀಳ್ಲಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟಡದ ಖರ್ಚಿನಲ್ಲಿ 1 ಪರ್ಸೆಂಟ್ ಸೆಸ್ ಹೋಗ್ತದೆ, ಆ ಹಣ ಇವರದ್ದೇ ಬೆವರಿನದ್ದು, ಅದ್ರಲ್ಲಿ ಎಫ್‌ಎಫ್‌ಪಿ2 ಮಾಸ್ಕ್ ಕೊಡಿ, ಕಲ್ಲಿನ ಕೆಲ್ಸದವರಿಗೆ ವರ್ಷಕ್ಕೊಮ್ಮೆ ಎಕ್ಸ್‌ರೇ ಮಾಡ್ಸಿ. ರಾಜಸ್ಥಾನದವರು 2019ರಲ್ಲಿ ಸಿಲಿಕೋಸಿಸ್ ಬಂದವರಿಗೆ ಅಂತಲೇ ಒಂದು ಪಾಲಿಸಿ ತಂದಿದ್ದಾರೆ, ಪರಿಹಾರ ಕೊಡ್ತಾರೆ, ನಮ್ಮಲ್ಲಿ ಕಲ್ಲಿನ ಕೆಲ್ಸ ಅಲ್ಲಿಗಿಂತ ಕಮ್ಮಿ ಇರ್ಬಹುದು, ಶ್ವಾಸಕೋಶ ಅದೇ ಅಲ್ವಾ. ಲೇಬರ್ ಕಾರ್ಡ್ ಇಲ್ಲದ ಉತ್ತರ ಕರ್ನಾಟಕದ, ಹೊರರಾಜ್ಯದ ಹುಡುಗರೇ ಈ ಕೆಲ್ಸದಲ್ಲಿ ಜಾಸ್ತಿ, ಅವ್ರಿಗೆ ಕಾರ್ಡ್ ಮಾಡಿಸಿ ಕೊಡುದು ಕಂಟ್ರಾಕ್ಟರಿನ ಜವಾಬ್ದಾರಿ ಅಂತ ಇಲಾಖೆ ಖಡಾಖಂಡಿತ ಹೇಳ್ಬೇಕು.

ಫಿಲ್ಟರ್ ಮಾಡುವ ಕಂಪನಿಯವರಿಗೂ ಒಂದು ವಿನಂತಿ ಉಂಟು. ನನ್ನ ಅಂಗಡಿಗೆ ಬರುವ ಕೆಲವು ಪ್ಯಾಕೆಟಿನ ಮೇಲೆ 99 ಪರ್ಸೆಂಟ್ ರಕ್ಷಣೆ ಅಂತ ದೊಡ್ಡ ಅಕ್ಷರದಲ್ಲಿ ಇರ್ತದೆ, ಎಷ್ಟು ಮೈಕ್ರಾನಿನ ಕಣಕ್ಕೆ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿಯಲ್ಲಿ ಟೆಸ್ಟ್ ಮಾಡಿದ್ದು ಅಂತ ಇರುದಿಲ್ಲ. ಅದನ್ನು ಕನ್ನಡದಲ್ಲಿ ಹಾಕಿ, ಕಲ್ಲು, ಸಿಮೆಂಟ್ ಕೆಲ್ಸಕ್ಕೆ ಅಲ್ಲ ಅಂತಲೂ ಹಾಕಿ. ಪೈಂಟಿನ ಥಿನ್ನರ್, ಕಾರ್ಬನ್ ಮೊನಾಕ್ಸೈಡ್ ಇಂತ ಗ್ಯಾಸ್‌ಗೆ ಇದು ತಡೆ ಅಲ್ಲವೇ ಅಲ್ಲ, ಕಸಕ್ಕೆ ಬೆಂಕಿ ಬಿದ್ದ ಹೊಗೆಯಲ್ಲಿ ಇದನ್ನು ಹಾಕ್ಕೊಂಡು ನಿಲ್ಬಾರ್ದು, ವಾಸನೆ ಸ್ವಲ್ಪ ಕಮ್ಮಿ ಆದ್ರೂ ವಿಷ ಒಳಗೆ ಹೋಗ್ತಾ ಇರ್ತದೆ. ಸಣ್ಣ ಮಕ್ಕಳಿಗೆ ಬೇಡ, ಒಳಗೆ ಎಳ್ಕೊಂಡುಬಿಟ್ರೆ ಅಪಾಯ. ಒಮ್ಮೆ ಹಾಕಿದ್ದನ್ನು ಜೇಬಲ್ಲಿ ಇಟ್ಟು ನಾಳೆ ಪುನಃ ಹಾಕುವವರೂ ಇದ್ದಾರೆ, ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರ ಮೂಗಲ್ಲಿ ಸ್ಟೆಫಿಲೋಕಾಕಸ್ ಔರಿಯಸ್ ಅಂತ ಬ್ಯಾಕ್ಟೀರಿಯಾ ಮೊದ್ಲೇ ಇರ್ತದೆ, ಒದ್ದೆ ಫಿಲ್ಟರಲ್ಲಿ ಅದಕ್ಕೆ ಬೆಳೀಲಿಕ್ಕೆ ಒಳ್ಳೆ ಜಾಗ.

ಈ ಪತ್ರ ಓದಿದವರ ಮನೆಯಲ್ಲಿ ಕಲ್ಲು, ಟೈಲ್ಸ್, ಕ್ರಷರ್ ಕೆಲ್ಸಕ್ಕೆ ಹೋಗುವವರು ಇದ್ರೆ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ನಿಲ್ಲದಿದ್ರೆ ನನ್ನಂತವರ ಹತ್ರ ಸಿರಪ್ ಕೇಳ್ಲಿಕ್ಕೆ ಬರ್ಬೇಡಿ, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಹತ್ರದ ಸರ್ಕಾರಿ ಆಸ್ಪತ್ರೆಗೋ ಹೋಗಿ, ಕಫದ ಟಿಬಿ ಟೆಸ್ಟ್ ಅಲ್ಲಿ ಫ್ರೀ. ಮತ್ತೆ ಡಾಕ್ಟರ್ ಕೇಳದಿದ್ರೂ ನೀವಾಗಿ ಹೇಳಿ, ನಾನು ಇಷ್ಟು ವರ್ಷ ಕಲ್ಲು ಕಟ್ ಮಾಡಿದ್ದೇನೆ ಅಂತ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಂಭವ ಜಾಸ್ತಿ, ಎಕ್ಸ್‌ರೇಯಲ್ಲಿ ಒಂದನ್ನು ಇನ್ನೊಂದು ಅಂತ ತಿಳ್ಕೊಳ್ಳುದೂ ಉಂಟು, ಕೆಲ್ಸ ಎಂತದ್ದು ಅಂತ ಗೊತ್ತಾದ್ರೆ ಡಾಕ್ಟ್ರು ನೋಡುವ ರೀತಿಯೇ ಬೇರೆ ಆಗ್ತದೆ.

ಮಳೆ ನಿಂತ ಮೇಲೆ ಕಟ್ಟಡದ ಕೆಲ್ಸ ಎಲ್ಲ ಕಡೆ ಜೋರಾಗ್ತದೆ, ಅದಕ್ಕಿಂತ ಮೊದ್ಲೇ ಲೇಬರ್ ಇಲಾಖೆಯವರೂ ಮಹಾನಗರ ಪಾಲಿಕೆಯವರೂ ನೀರಿಲ್ಲದೆ ಕಲ್ಲು ಕಟ್ ಮಾಡುವ ಸೈಟುಗಳಿಗೆ ಒಮ್ಮೆ ಹೋಗಿ ನೋಡ್ಲಿ, ಎಂತ ಕ್ರಮ ತಗೊಂಡ್ರು ಅಂತ ನಿಮ್ಮ ಪತ್ರಿಕೆಯವರು ಅವ್ರನ್ನು ಕೇಳಿ ಪ್ರಕಟ ಮಾಡ್ಬೇಕು ಅಂತ ಕೇಳ್ಕೊಳ್ತೇನೆ.

ಇಂತಿ,
ಸುರತ್ಕಲ್‌ನ ಒಬ್ಬ ಮೆಡಿಕಲ್ ಶಾಪಿನವ