ಅತ್ತೆಯವರ ಆಪರೇಷನ್‌ಗೆ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಸುಮಾ,

ನಿಮ್ಮತ್ತೆಯವರ ದೊಡ್ಡ ಕರುಳಿನ ಗಡ್ಡೆ ತೆಗೆಯಲು ತಾರೀಖು ಗೊತ್ತಾಯಿತಲ್ಲ, ಈಗಿನಿಂದಲೇ ಮಾಡುವ ಕೆಲಸವಿದೆ. ಈ ಆಪರೇಷನ್‌ನಲ್ಲಿ ಕತ್ತರಿಸಿ ಜೋಡಿಸುವುದೇ ಬ್ಯಾಕ್ಟೀರಿಯಾ ತುಂಬಿದ ಕೊಳವೆಯನ್ನು. ಥಿಯೇಟರ್ ಎಷ್ಟೇ ಶುದ್ಧವಾಗಿರಲಿ, ಇ. ಕೋಲೈಯಂಥವು ಹೊರಗಿನಿಂದ ಬರಬೇಕಿಲ್ಲ, ಒಳಗೇ ಇವೆ. ಬೇರೆಷ್ಟೋ ಆಪರೇಷನ್‌ಗಳಿಗಿಂತ ಇದರಲ್ಲಿ ಗಾಯ ಕೀವಾಗುವುದು ಹೆಚ್ಚು, ಅದಕ್ಕೇ. ಡಾಕ್ಟರ ಪಾಲಿನದನ್ನು ಅವರು ನೋಡಿಕೊಳ್ಳುತ್ತಾರೆ. ನೀವು ಮಾಡದಿದ್ದರೆ ಮತ್ಯಾರೂ ಮಾಡದ ಕೆಲಸಗಳನ್ನಷ್ಟೇ ಬರೆಯುತ್ತೇನೆ.

ಮೊದಲು ಸಕ್ಕರೆ. ಆಪರೇಷನ್ ಹೊತ್ತಿನಲ್ಲಿ ರಕ್ತದ ಸಕ್ಕರೆ 200 ದಾಟಬಾರದು, 180ರ ಒಳಗಿದ್ದರೆ ಒಳ್ಳೆಯದು. ಬೀಡಿ ಸಿಗರೇಟು ಸೇದುವವರಿಗೆ 4 ವಾರ ಮುಂಚೆ ಬಿಡಿ ಎನ್ನುತ್ತಾರೆ. ನಿಮ್ಮತ್ತೆಯವರು ಹಾಕುವ ಕಡ್ಡಿಪುಡಿಯಲ್ಲೂ ನಿಕೋಟಿನ್ ಇದೆ, ರಕ್ತನಾಳ ಕುಗ್ಗಿಸುತ್ತದೆ, ಅದನ್ನೂ ನಿಲ್ಲಿಸು. ಮೊಟ್ಟೆ, ಮೊಸರು, ಬೇಳೆಕಾಳು ಊಟದಲ್ಲಿ ಹೆಚ್ಚಿಸು.

ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಪುಡಿ ಕೊಡುತ್ತಾರೆ (ಗಡ್ಡೆ ದಾರಿಯನ್ನೇ ಕಟ್ಟಿಬಿಟ್ಟಿದ್ದರೆ ಕೊಡುವುದಿಲ್ಲ). ಸಾಮಾನ್ಯವಾಗಿ 2 ಲೀಟರ್ ನೀರಿಗೆ ಕಲಸಿ, 10-15 ನಿಮಿಷಕ್ಕೊಂದು ಲೋಟದಂತೆ ಕುಡಿಯುವುದು. ತಣ್ಣಗಿದ್ದರೆ ಇಳಿಯುತ್ತದೆ. ಕೊನೆಗೆ ತಿಳಿ ಹಳದಿ ನೀರಷ್ಟೇ ಹೋಗಬೇಕು. ಇನ್ನೂ ಕದಡಿದಂತಿದ್ದರೆ ಸಿಸ್ಟರ್‌ಗೆ ಹೇಳು. ಎಡವಟ್ಟಾಗುವುದು ಪುಡಿಯಲ್ಲಲ್ಲ, ಅದರ ಜೊತೆಗಿನ ಆಂಟಿಬಯಾಟಿಕ್ ಮಾತ್ರೆಯಲ್ಲಿ. 'ಹೊಟ್ಟೆಯೆಲ್ಲ ತೊಳೆದುಹೋಯಿತಲ್ಲ, ಮಾತ್ರೆ ಯಾಕೆ' ಎಂದು ಬಿಟ್ಟುಬಿಡುತ್ತಾರೆ. ಬರೀ ಪುಡಿಯಿಂದ ಸೋಂಕು ಕಡಿಮೆಯಾಗುವುದಿಲ್ಲ, ಎರಡೂ ಸೇರಿದರೇ ಪ್ರಯೋಜನ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆ. ಮಾತ್ರೆ ಬರೆದಿಲ್ಲದಿದ್ದರೆ ಕೇಳು. ವಾಂತಿಯಾದರೆ ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಂಡು ತಿಳಿಸು.

ಮನೆಯಲ್ಲಿ ಹೊಟ್ಟೆಯ ಮೇಲೆ ಬ್ಲೇಡ್ ಆಡಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕೂದಲು ತೆಗೆಯಲೇಬೇಕಾದರೆ ಆಸ್ಪತ್ರೆಯವರು ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ. ಹಿಂದಿನ ರಾತ್ರಿ, ಮತ್ತೆ ಬೆಳಿಗ್ಗೆ ಸೋಪು ಹಚ್ಚಿ ಸ್ನಾನ ಮಾಡಿಸು, ಹೊಕ್ಕುಳಿನ ಒಳಗೂ ತೊಳೆ: ದುರ್ಬೀನಿನ ಆಪರೇಷನ್‌ನಲ್ಲಿ ತೂತು ಮಾಡುವುದು ಹೆಚ್ಚಾಗಿ ಅದರ ಹತ್ತಿರವೇ. ಆಮೇಲೆ ಎಣ್ಣೆ, ಅರಿಶಿನ, ಪೌಡರ್ ಬೇಡ. ಥಿಯೇಟರ್ ಬಾಗಿಲಲ್ಲಿ ತೆಳು ಗೌನಿನಲ್ಲಿ ಕಾಯಿಸಿದರೆ ಕಂಬಳಿ ಕೇಳು. ಮೈ ತಣ್ಣಗಾದರೆ ಚರ್ಮಕ್ಕೆ ರಕ್ತ ಓಡುವುದು ಕಡಿಮೆಯಾಗಿ ಗಾಯ ಸೋಂಕಿಗೆ ತುತ್ತಾಗುತ್ತದೆ.

ಇನ್ನೊಂದು ಮಾತು, ನಿನ್ನ ಗಂಡನಿಗೂ ಹೇಳು: 'ಸ್ಟ್ರಾಂಗ್ ಆಂಟಿಬಯಾಟಿಕ್ ಇನ್ನೂ ನಾಲ್ಕು ದಿನ ಕೊಡಿ' ಎಂದು ಡಾಕ್ಟರ ಬೆನ್ನು ಹತ್ತಬೇಡಿ. ಕೊಯ್ಯುವುದಕ್ಕೆ ಮುಂಚಿನ 2 ಗಂಟೆಗಳ ಒಳಗೆ ಕೊಡುವ ಆಂಟಿಬಯಾಟಿಕ್ ಇಂಜೆಕ್ಷನ್ನೇ ಮುಖ್ಯವಾದದ್ದು. ಸೋಂಕಿಲ್ಲದೆ ಆಮೇಲೂ ಮುಂದುವರಿಸಿದರೆ ಬರುವುದು ಭೇದಿ, ಮತ್ತೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ.

ಆಪರೇಷನ್ ಆದ ಮೇಲೆ ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಡುತ್ತಾರೆ. ಎಷ್ಟೋ ಜನ ಅದನ್ನು ಊದುತ್ತಾರೆ, ಅದು ಊದುವುದಕ್ಕಲ್ಲ! ಮೊದಲು ಉಸಿರು ಬಿಟ್ಟು, ನಳಿಕೆ ತುಟಿಯಲ್ಲಿ ಬಿಗಿಹಿಡಿದು, ನಿಧಾನವಾಗಿ ಒಳಗೆಳೆಯಬೇಕು. ಚೆಂಡು ಆದಷ್ಟು ಹೊತ್ತು ಮೇಲೆ ನಿಲ್ಲುವಂತೆ ಎಳೆದು, ಆಮೇಲೆ ಸ್ವಲ್ಪ ಹೊತ್ತು ಉಸಿರು ಹಿಡಿದು ಬಿಡಬೇಕು. ಎಚ್ಚರವಿರುವಾಗ ಗಂಟೆಗೆ 10 ಸಲ. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ಕೆಮ್ಮುವಾಗ ನೋವು ಕಡಿಮೆ. ದಿನಕ್ಕೆರಡು ಸಲ ಹಲ್ಲುಜ್ಜಿಸು; ಬಾಯಿಯ ಕೊಳೆಯೇ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಮೂತ್ರದ ಪೈಪನ್ನು ಯಾವತ್ತು ತೆಗೆಯುತ್ತೀರಿ ಎಂದು ದಿನಾ ರೌಂಡ್ಸ್‌ನಲ್ಲಿ ಕೇಳು, ಅದರ ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ.

ಕೈ ತೊಳೆದಿರಾ ಎಂದು ಡಾಕ್ಟರನ್ನು ಕೇಳಲು ನಿಮ್ಮತ್ತೆಯವರಿಗೆ ಬಾಯಿ ಬರಲಿಕ್ಕಿಲ್ಲ. ಸ್ಯಾನಿಟೈಸರ್ ಬಾಟಲಿಯನ್ನು ಕಾಣುವಂತೆ ಮಂಚದ ಪಕ್ಕ ಇಟ್ಟು, 'ಸರ್, ಇಲ್ಲಿದೆ ನೋಡಿ' ಎಂದು ನೀನೇ ಮುಂದೆ ಮಾಡು, ಯಾರಿಗೂ ಬೇಜಾರಾಗುವುದಿಲ್ಲ. 20-30 ಸೆಕೆಂಡ್ ಉಜ್ಜಿದರೆ ಸಾಕು. ಭೇದಿ ಶುರುವಾಗಿದ್ದರೆ ಮಾತ್ರ ಸೋಪು ನೀರೇ ಬೇಕು, ಆ ಥರದ ಕೆಲವು ರೋಗಾಣುಗಳ ಮೇಲೆ ಸ್ಯಾನಿಟೈಸರ್ ನಡೆಯುವುದಿಲ್ಲ. ಡಾಕ್ಟರಿಗಿಂತ ಕಷ್ಟ ನಮ್ಮ ನೆಂಟರದ್ದು: ಸೇಬು ಹಿಡಿದುಕೊಂಡು ಬಂದು ಮಂಚದ ಮೇಲೇ ಕೂತು ಹೊಟ್ಟೆ ಮುಟ್ಟಿ ನೋಡುತ್ತಾರೆ. ಕುರ್ಚಿ ತೋರಿಸು. ನೆಗಡಿ ಇದ್ದವರು ಫೋನ್ ಮಾಡಿದರೆ ಸಾಕು.

ಮಲ ಹೊರಬರಲು ಹೊಟ್ಟೆಗೆ ಚೀಲ ಹಾಕಿ ಕಳಿಸಿದರೆ, ಗಾಯದ ಕೆಲಸ ಮೊದಲು, ಚೀಲದ್ದು ಆಮೇಲೆ, ಎರಡರ ನಡುವೆ ಕೈ ತೊಳೆಯಬೇಕು. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡು. ಭಾರಕ್ಕೆ ಅಂಟು ಬಿಟ್ಟರೆ ಸೋರಿ ಹೊಲಿಗೆಗೇ ತಾಗುತ್ತದೆ. ಗಾಯಕ್ಕೆ ಕೊಬ್ಬರಿ ಎಣ್ಣೆ, ಅರಿಶಿನ ಯಾರು ಹೇಳಿದರೂ ಹಚ್ಚಬೇಡ. ದಿನಾ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡು. ಕೆಂಪು ಕಂಡರೆ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು, ಗೆರೆ ದಾಟುತ್ತಿದೆಯೇ ನೋಡು. ಗಾಯದ ಸೋಂಕು 30 ದಿನದವರೆಗೂ ಬರಬಹುದು, ಎಷ್ಟೋ ಸಲ ಮನೆಗೆ ಬಂದ ಮೇಲೇ.

ನಿಜವಾಗಿ ಹೆದರಬೇಕಾದದ್ದು ಒಳಗಿನ ಜೋಡಣೆ ಸೋರುವುದಕ್ಕೆ. ಹೆಚ್ಚಾಗಿ ಮೊದಲ ಒಂದೆರಡು ವಾರದಲ್ಲಿ. ನೋವಿಗೆ ಪ್ಯಾರಾಸಿಟಮಾಲ್ ಕೊಡುತ್ತಿದ್ದರೆ ಜ್ವರ ಕಾಣಿಸದೇ ಇರಬಹುದು, ಅದಕ್ಕೆ ನಾಡಿಯನ್ನೂ ಎಣಿಸು. ಸುಮ್ಮನೆ ಮಲಗಿದ್ದಾಗಲೂ 100 ದಾಟಿದರೆ, ಇಳಿಯುತ್ತಿದ್ದ ಹೊಟ್ಟೆನೋವು ಮತ್ತೆ ಏರಿದರೆ, ಹೊಟ್ಟೆ ಉಬ್ಬಿ ಗಾಳಿ ಹೋಗುವುದು ನಿಂತರೆ, ಮಾತು ತೊದಲಿ ಗಲಿಬಿಲಿಯಾದರೆ, ಜ್ವರ 100.4 ಮುಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡ, ಹತ್ತಿರದ ಕ್ಲಿನಿಕ್‌ಗೂ ಹೋಗಬೇಡ, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೊರಡು. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ದಿನವೇ ಚೀಟಿಯ ಮೇಲೆ ಬರೆಸಿಕೋ.

ಇಂತಿ,
ಅಮ್ಮ